ಎಲ್ಲಿ ಸಿಕ್ಕಿತು ಈ ಕಲ್ಲು?

ಶಾರ್ಜಾದ ನಮ್ಮ ಮನೆಯ ಕಿಟಕಿಯ ದಂಡೆಯ ಮೇಲೆ ನಾಲ್ಕು ವರ್ಷ ಒಂದು ಕಲ್ಲು ಇತ್ತು. ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಗಾತ್ರ, ಜೇನಿನ ಬಣ್ಣ, ಒಂದು ತುದಿ ಚೂಪು. ಎರಡೂ ಅಂಚಿನಲ್ಲಿ ಇಲಿ ಕಡಿದ ಹಾಗೆ ಸಣ್ಣ ಸಣ್ಣ ಚಕ್ಕೆ ಎದ್ದ ಗುರುತು. ಚಳಿಗಾಲದ ಒಂದು ರಜೆಯ ದಿನ ನಾಲ್ಕು ಮನೆಯವರು ಸೇರಿ ಚಪಾತಿ, ಶೇಂಗಾ ಹಿಂಡಿ, ಮೊಸರನ್ನ ಕಟ್ಟಿಕೊಂಡು ಮಲೀಹಾ ಕಡೆಯ ಮರಳುಗಾಡಿಗೆ ಹೋಗಿದ್ದಾಗ ನಮ್ಮ ಮಗ ಅದನ್ನು ಎತ್ತಿಕೊಂಡು ಬಂದಿದ್ದ. ‘ಅಪ್ಪಾ, ಬಾಣದ ಮೊನೆ!’ ಎಂದು ಕುಣಿದಿದ್ದ. ನಾವು ನಕ್ಕೆವು. ಕಲ್ಲು ಜೇಬಿಗೆ ಬಿತ್ತು, ಜೇಬಿನಿಂದ ಕಿಟಕಿಗೆ ಬಂತು. ಆಮೇಲೆ ಎಲ್ಲರೂ ಮರೆತೆವು.

ಅದು ಮತ್ತೆ ನೆನಪಾದದ್ದು ಜಪಾನಿನಲ್ಲಿ. ನಮ್ಮ ತಮ್ಮ ಟೋಕಿಯೊ ನಗರದ ಎಡೋಗಾವಾ ವಾರ್ಡಿನ ನಿಶಿ ಕಸಾಯಿಯಲ್ಲಿ ಇದ್ದಾನೆ. 2000ದ ಆಸುಪಾಸಿನಲ್ಲಿ ಕಂಪ್ಯೂಟರುಗಳ ‘ವೈ ಟು ಕೆ’ ಕೆಲಸಕ್ಕೆ ಬಂದ ಭಾರತದ ಎಂಜಿನಿಯರುಗಳು, ನಗರದ ಕಚೇರಿಗಳಿಗೆ ನೇರ ರೈಲು ಇದೆಯೆಂದು ಇಲ್ಲಿ ಬಾಡಿಗೆಗೆ ಮನೆ ಹಿಡಿದರು. ಇಂದು ಈ ವಾರ್ಡಿನಲ್ಲಿ ಸಾವಿರಾರು ಭಾರತೀಯರಿದ್ದಾರೆ. ತೊಗರಿಬೇಳೆಯ ಅಂಗಡಿ ಇದೆ, ಸಂಜೆ ಉದ್ಯಾನದಲ್ಲಿ ಕನ್ನಡವೂ ಕಿವಿಗೆ ಬೀಳುತ್ತದೆ. ನಮ್ಮ ಕರಾಮಾ, ರೋಲಾ ಬೀದಿಗಳ ತಂಗಿಯಂಥ ಜಾಗ.

ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದ ಎರಡನೇ ದಿನವೇ ಮಗ ಚಿಕ್ಕಪ್ಪನನ್ನು ಕೇಳಿದ: ‘ಇಲ್ಲಿ ಹೊಳೆ ದಂಡೆಯಲ್ಲಿ ಹಳೇ ಕಲ್ಲಿನ ಬಾಣ ಸಿಗುತ್ತಾ?’ ತಮ್ಮ ನಕ್ಕ. ‘ಮರಿ, ಇಲ್ಲಿ ಹಳೇ ಬಾಣ ಬಿಡು, ಹಳೇ ನೆಲವೇ ಇಲ್ಲ!’

ಕಲ್ಲಿಲ್ಲದ ನೆಲ

ಅವನು ಹೇಳಿದ್ದು ತಮಾಷೆಯಲ್ಲ. ಎಡೋಗಾವಾ ವಾರ್ಡಿನ ಒಂದು ಬದಿಗೆ ಅರಾಕಾವಾ, ಇನ್ನೊಂದು ಬದಿಗೆ ಎಡೋಗಾವಾ ನದಿ, ದಕ್ಷಿಣಕ್ಕೆ ಟೋಕಿಯೊ ಕೊಲ್ಲಿ. ಅರಾಕಾವಾ ಕೂಡ ಇಲ್ಲಿ ಹುಟ್ಟಿನಿಂದ ನದಿಯಲ್ಲ. ನೆರೆ ತಪ್ಪಿಸಲು ಮನುಷ್ಯರು ತೋಡಿ 1930ರಲ್ಲಿ ಮುಗಿಸಿದ ದೊಡ್ಡ ಕಾಲುವೆ. ವಾರ್ಡಿನ ನೂರಕ್ಕೆ ಎಪ್ಪತ್ತರಷ್ಟು ನೆಲ ಸಮುದ್ರದ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಏರಿಗಳು ಕಾಯುತ್ತಿರುವುದರಿಂದ ಊರು ಒಣಗಿ ನಿಂತಿದೆ. ನಿಶಿ ಕಸಾಯಿ ನಿಲ್ದಾಣ ತೆರೆದದ್ದೇ 1979ರಲ್ಲಿ. ಅದರ ದಕ್ಷಿಣಕ್ಕೆ ಬಹುಪಾಲು ಸಮುದ್ರ ತುಂಬಿ ಮಾಡಿದ ಜಾಗ.

ಆರೇಳು ಸಾವಿರ ವರ್ಷಗಳ ಹಿಂದೆ ಭೂಮಿ ಬೆಚ್ಚಗಿದ್ದು ಸಮುದ್ರ ಮೇಲೇರಿತ್ತು. ಆಗ ಕೊಲ್ಲಿಯ ನೀರು ಇಂದಿನ ದಡದಿಂದ ಹತ್ತಾರು ಕಿಲೋಮೀಟರ್ ಒಳಗೆ ನುಗ್ಗಿತ್ತು. ಎಡೋಗಾವಾ ಪೂರ್ತಿ ಕಡಲ ತಳ. ಜಪಾನಿನ ಶಿಲಾಯುಗದ ಬೇಟೆಗಾರರು, ಅಲ್ಲಿಯವರು ಜೋಮೋನ್ ಎಂದು ಕರೆಯುವ ಜನ, ಇಲ್ಲಿ ಬಾಣ ಬಿಟ್ಟಿದ್ದರೆ ಮೀನಿಗೇ ಬಿಡಬೇಕಿತ್ತು. ನೀರು ಹಿಂದೆ ಸರಿದ ಮೇಲೆ ನದಿಗಳು ಮೆಕ್ಕಲು ತಂದು ಹರಡಿದವು. ಮೆಕ್ಕಲಿನಲ್ಲಿ ಕಲ್ಲೆಲ್ಲಿಯದು? ವಾರ್ಡಿನ ಉತ್ತರ ಮೂಲೆಯ ಕಾಮಿ ಕೊಯಿವಾ ಎಂಬಲ್ಲಿ ಹಳೆಯ ಜನವಸತಿಯ ಕುರುಹು ಸಿಕ್ಕಿದೆ. ಆದರೆ ಅದು ಶಿಲಾಯುಗ ಮುಗಿದು ಭತ್ತ ಬೆಳೆಯುತ್ತಿದ್ದ ಕಾಲದ್ದು. ಸಿಕ್ಕಿದ್ದು ಹೆಚ್ಚಾಗಿ ಮಡಕೆ.

ಮಗನ ಮುಖ ಸಣ್ಣದಾಯಿತು. ‘ಹೊಳೆ ದಾಟಿದರೆ ಬೇರೆ ಕಥೆ’ ಎಂದ ತಮ್ಮ.

ಹೊಳೆಯ ಆಚೆ ದಡ

ಎಡೋಗಾವಾ ನದಿಯ ಆಚೆ ಚಿಬಾ ಪ್ರಾಂತ್ಯದ ಇಚಿಕಾವಾ. ಅಲ್ಲಿ ನೆಲ ಥಟ್ಟನೆ ಏರುತ್ತದೆ. ಆ ದಿಣ್ಣೆಯ ಅಂಚೇ ಅಂದಿನ ಕಡಲ ದಡ. ಅಲ್ಲಿ ವಾಸವಿದ್ದವರು ಕೊಲ್ಲಿಯ ಚಿಪ್ಪು, ಮೀನು ತಂದು ತಿಂದು, ಸಾವಿರಾರು ವರ್ಷ ಒಂದೇ ಕಡೆ ಚಿಪ್ಪು ಎಸೆದರು. ಅವು ದಿಬ್ಬಗಳಾಗಿ ನಿಂತವು. ಹೋರಿನೋಉಚಿ, ಸೋಯಾ, ಉಬಾಯಾಮಾ ಎಂಬ ಮೂರು ಹೆಸರಾಂತ ಚಿಪ್ಪಿನ ದಿಬ್ಬಗಳು ಈ ಒಂದೇ ಊರಿನಲ್ಲಿವೆ. ಹೋರಿನೋಉಚಿಯ ಪಕ್ಕದಲ್ಲೇ ನಗರದ ಪುರಾತತ್ವ ವಸ್ತುಸಂಗ್ರಹಾಲಯವಿದೆ. ದಿಬ್ಬದ ಮೇಲೆ ಮರಗಳು ಬೆಳೆದಿವೆ; ಕಾಲ ಕೆಳಗಿನ ಮಣ್ಣಿನಲ್ಲಿ ಬಿಳಿ ಚಿಪ್ಪಿನ ಚೂರು ಇಣುಕುತ್ತವೆ. ಮಗ ಬಗ್ಗಿದ. ತಮ್ಮ ಅವನ ಕೈ ಹಿಡಿದ. ‘ನೋಡು, ಎತ್ತಬೇಡ.’

ಒಳಗೆ ಗಾಜಿನ ಹಿಂದೆ ಸಾಲಾಗಿ ಬಾಣದ ಮೊನೆಗಳು. ಕೆಲವು ಕಪ್ಪಗೆ ಮಿರುಗುತ್ತಿದ್ದವು. ಅದು ಅಬ್ಸಿಡಿಯನ್, ಜ್ವಾಲಾಮುಖಿಯ ಗಾಜು. ಈ ಗಾಜು ಟೋಕಿಯೊ ಸುತ್ತಮುತ್ತ ಹುಟ್ಟುವುದಿಲ್ಲ. ಪ್ರತಿ ಜ್ವಾಲಾಮುಖಿಯ ಗಾಜಿಗೂ ಅದರದೇ ರಾಸಾಯನಿಕ ಗುರುತು ಇರುವುದರಿಂದ ಎಲ್ಲಿಂದ ಬಂತೆಂದು ಪತ್ತೆ ಹಚ್ಚಬಹುದು. ಈ ಬಯಲಿನ ನೆಲೆಗಳಿಗೆ ಅದು ನಾಗಾನೊ ಬೆಟ್ಟಗಳಿಂದಲೂ, ದಕ್ಷಿಣದ ಸಮುದ್ರದ ನಡುವಿನ ಕೋಜುಶಿಮಾ ದ್ವೀಪದಿಂದಲೂ ಬರುತ್ತಿತ್ತು. ದೋಣಿಯಲ್ಲಿ ಕಡಲು ದಾಟಿ ಕಲ್ಲು ತರುತ್ತಿದ್ದರು. ದೂರದ ನಾಡಿಗೆ ದುಡಿಯಲು ಬಂದ ನಾವು ಆ ಕರಿ ಚೂರನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದೆವು.

ನಮ್ಮ ಪಕ್ಕ ವಯಸ್ಸಾದ ಒಬ್ಬ ಜಪಾನಿ ಅದೇ ಪೆಟ್ಟಿಗೆ ನೋಡುತ್ತಿದ್ದರು. ತಮ್ಮ ಅವರೊಡನೆ ಮಾತಿಗೆ ಇಳಿದ. ಮಗ ಉತ್ಸಾಹದಿಂದ ನಮ್ಮ ಫೋನಿನಲ್ಲಿದ್ದ ಶಾರ್ಜಾದ ಕಲ್ಲಿನ ಚಿತ್ರ ತೋರಿಸಿದ. ಹಿರಿಯರು ಕನ್ನಡಕ ಮೇಲೆತ್ತಿ ನೋಡಿದರು. ‘ಚೆನ್ನಾಗಿದೆ’ ಎಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ಎಲ್ಲಿ ಸಿಕ್ಕಿತು?’

ಮರಳುಗಾಡಿನಲ್ಲಿ, ಎಂದೆವು.

‘ಮರಳುಗಾಡಿನಲ್ಲಿ ಎಲ್ಲಿ?’

ನಮ್ಮ ಬಳಿ ಉತ್ತರ ಇರಲಿಲ್ಲ. ಯಾವ ದಿಬ್ಬ? ಗುಡ್ಡದ ಬುಡವೋ, ಒಣಗಿದ ಹಳ್ಳದ ಪಕ್ಕವೋ? ಸುತ್ತ ಬೇರೆ ಚೂರುಗಳಿದ್ದವೇ, ಇದು ಒಂಟಿಯೇ? ಗಾಡಿ ನಿಲ್ಲಿಸಿದ ಜಾಗವೂ ನೆನಪಿಲ್ಲ. ಹಿರಿಯರು ಫೋನು ಹಿಂತಿರುಗಿಸಿ, ಸಣ್ಣಗೆ ತಲೆ ಬಾಗಿಸಿ, ಮುಂದಿನ ಪೆಟ್ಟಿಗೆಗೆ ಹೋದರು. ಅವರು ಬೈಯಲಿಲ್ಲ. ಆದರೂ ನಮಗೆ ನಾಚಿಕೆಯಾಯಿತು.

ಜಾಗ ಹೇಳುವ ಮಾತು

ಜಾಗ ಅಷ್ಟೇಕೆ ಮುಖ್ಯ? ಅದೇ ಉಬಾಯಾಮಾ ದಿಬ್ಬದಲ್ಲಿ 1926ರಲ್ಲಿ ಅಗೆದಾಗ ಒಂದೇ ಗುಡಿಸಲಿನ ನೆಲದ ಮೇಲೆ ಐದು ಜನರ ಅಸ್ಥಿ ಸಿಕ್ಕಿತು. ಬೇರೆ ಬೇರೆಯಾಗಿ ಎತ್ತಿ ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿದ್ದರೆ ಅವು ಬರೀ ಎಲುಬು. ಇದ್ದಲ್ಲೇ ನೋಡಿದ್ದರಿಂದ ಒಂದು ಸೂರಿನ ಕೆಳಗೆ ಒಟ್ಟಿಗೆ ಹೋದ ಐವರು ಎಂದು ಗೊತ್ತಾಯಿತು.

ಜಪಾನಿನಲ್ಲಿ ಇದನ್ನು ಕಲಿಸುವ ಎರಡು ಕಥೆಗಳಿವೆ. ಮೊದಲನೆಯದು ನಮ್ಮಂಥ ದುಡಿಯುವ ಮನುಷ್ಯನದು. ಐಜಾವಾ ತಾದಾಹಿರೊ ಗುನ್ಮಾ ಪ್ರಾಂತ್ಯದಲ್ಲಿ ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ ನಾಟ್ಟೊ, ಅಂದರೆ ಹುದುಗಿಸಿದ ಸೋಯಾ ಕಾಳು, ಮಾರುತ್ತಿದ್ದ. ಚಿಕ್ಕಂದಿನಿಂದ ಹಳೆಯ ಕಲ್ಲಿನ ಹುಚ್ಚು. 1946ರಲ್ಲಿ ಇವಾಜುಕು ಎಂಬಲ್ಲಿ, ರಸ್ತೆಗಾಗಿ ಗುಡ್ಡ ಕಡಿದ ಕಡೆ, ಕೆಂಪು ಮಣ್ಣಿನ ಪದರದಲ್ಲಿ ಕಲ್ಲಿನ ಚೂಪು ಚಕ್ಕೆಗಳು ಅವನ ಕಣ್ಣಿಗೆ ಬಿದ್ದವು. ಆ ಮಣ್ಣು ಜ್ವಾಲಾಮುಖಿಗಳು ಬೂದಿ ಕಾರುತ್ತಿದ್ದ ಕಾಲದ್ದು. ಆಗ ಜಪಾನಿನಲ್ಲಿ ಮನುಷ್ಯರೇ ಇರಲಿಲ್ಲವೆಂದು ವಿದ್ವಾಂಸರು ನಂಬಿದ್ದರು. ಐಜಾವಾ ಬಿಡಲಿಲ್ಲ. ಮತ್ತೆ ಮತ್ತೆ ಅದೇ ಜಾಗಕ್ಕೆ ಹೋದ. 1949ರಲ್ಲಿ ಅಬ್ಸಿಡಿಯನ್ನಿನ ಸೊಗಸಾದ ಒಂದು ಮೊನೆ ಸಿಕ್ಕಿತು. ಮೇಜಿ ವಿಶ್ವವಿದ್ಯಾಲಯದವರಿಗೆ ತಿಳಿಸಿದ; ಆ ವರ್ಷವೇ ಅವರು ಬಂದು ಅಗೆದರು. ಜಪಾನಿನ ಇತಿಹಾಸ ಸಾವಿರಾರು ವರ್ಷ ಹಿಂದಕ್ಕೆ ಸರಿಯಿತು. ಅವನ ಕೈಯಲ್ಲಿದ್ದದ್ದು ಬರೀ ಕಲ್ಲಾಗಿದ್ದರೆ ಯಾರೂ ಕಿವಿಗೊಡುತ್ತಿರಲಿಲ್ಲ. ‘ಇದು ಈ ಪದರದಲ್ಲಿತ್ತು, ಬನ್ನಿ ತೋರಿಸುತ್ತೇನೆ’ ಎನ್ನುವ ಶಕ್ತಿ ಅವನಿಗಿತ್ತು.

ಎರಡನೆಯ ಕಥೆ ಇದರ ತಿರುವು. ಫುಜಿಮುರಾ ಶಿನಿಚಿ ಎಂಬ ಹವ್ಯಾಸಿ ಪುರಾತತ್ವಜ್ಞ ಎಲ್ಲಿ ಅಗೆದರೂ ಹಿಂದಿನದಕ್ಕಿಂತ ಹಳೆಯ ಕಲ್ಲು ತೆಗೆಯುತ್ತಿದ್ದ. ‘ದೇವರ ಕೈ’ ಎಂದೇ ಹೆಸರಾಗಿತ್ತು. ಲಕ್ಷಗಟ್ಟಲೆ ವರ್ಷದ ಲೆಕ್ಕ ಶಾಲೆಯ ಪಠ್ಯಪುಸ್ತಕಕ್ಕೂ ಹೋಯಿತು. 2000ದ ನವೆಂಬರಿನಲ್ಲಿ ಮೈನಿಚಿ ಪತ್ರಿಕೆ ಚಿತ್ರ ಸಮೇತ ಸುದ್ದಿ ಮಾಡಿತು: ಆತ ಮುಂಜಾನೆ ಯಾರೂ ಇಲ್ಲದಾಗ ಬಂದು ತಾನೇ ಗುಂಡಿ ತೋಡಿ ಕಲ್ಲು ಹೂಳುತ್ತಿದ್ದ. ಕಲ್ಲುಗಳು ಹಳೆಯ ಜನರು ಮಾಡಿದವೇ. ಜಾಗ ಮಾತ್ರ ಸುಳ್ಳು. ಜಾಗ ಸುಳ್ಳಾದದ್ದರಿಂದ ಎಷ್ಟೋ ವರ್ಷಗಳ ಸಂಶೋಧನೆ ಮಣ್ಣುಪಾಲಾಯಿತು, ಪಠ್ಯಪುಸ್ತಕ ತಿದ್ದಬೇಕಾಯಿತು.

ಅಲ್ಲಿಯ ಕಾನೂನೂ ನಮಗೆ ಹಿಡಿಸಿತು. ನೆಲದಲ್ಲಿ ಹಳೆಯ ವಸ್ತು ಸಿಕ್ಕರೆ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ರೈಲಿನಲ್ಲಿ ಮರೆತ ಕೊಡೆಯನ್ನು ಯಾವ ಕಾನೂನಿನಡಿ ಒಪ್ಪಿಸುತ್ತಾರೋ, ಬಾಣದ ಮೊನೆಯನ್ನೂ ಅದರಡಿಯಲ್ಲೇ, ‘ಕಳೆದುಹೋದ ವಸ್ತು’ ಎಂದು. ಕಳೆದುಕೊಂಡವನು ನಾಲ್ಕು ಸಾವಿರ ವರ್ಷದಿಂದ ಬಂದಿಲ್ಲ, ನಿಜ. ಆದರೂ ಸಿಕ್ಕಿದವನದ್ದು ಆಗಿಬಿಡುವುದಿಲ್ಲ.

ನಾವು ದುಡಿಯುವ ಮರಳಿನಲ್ಲಿ

ವಾಪಸು ಬಂದ ಮೇಲೆ ಕಿಟಕಿಯ ಕಲ್ಲನ್ನು ಕೈಗೆತ್ತಿಕೊಂಡೆವು. ಮಲೀಹಾದ ಪಕ್ಕದ ಫಾಯಾ ಬೆಟ್ಟದ ಬಗ್ಗೆ ಆಗ ಓದಿದೆವು. ಅಲ್ಲಿ ಸಿಕ್ಕ ಕಲ್ಲಿನ ಉಪಕರಣಗಳು ಸುಮಾರು 1 ಲಕ್ಷ 25 ಸಾವಿರ ವರ್ಷ ಹಳೆಯವೆಂದು 2011ರಲ್ಲಿ ಪ್ರಕಟವಾಯಿತು. ಆಫ್ರಿಕಾದಿಂದ ಹೊರಟ ಮನುಷ್ಯರು ಅರೇಬಿಯಾದ ಹಾದಿ ಹಿಡಿದಿರಬಹುದು ಎಂಬ ವಾದಕ್ಕೆ ಅದು ಬಲ ಕೊಟ್ಟಿತು. 2025ರಲ್ಲಿ ಫಾಯಾ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹತ್ತಿರದ ಬುಹೈಸ್ ಗುಡ್ಡದ ಬುಡದಲ್ಲಿ ಸುಮಾರು 7 ಸಾವಿರ ವರ್ಷ ಹಿಂದೆ ದನ, ಕುರಿ, ಆಡು ಮೇಯಿಸುತ್ತಿದ್ದವರ ಸ್ಮಶಾನವಿದೆ. ಆಗ ಇಲ್ಲಿ ಮಳೆ ಬೀಳುತ್ತಿತ್ತು, ಹುಲ್ಲಿತ್ತು. ಕೊಲ್ಲಿ ನಾಡುಗಳಲ್ಲಿ ಅಲ್ಲಲ್ಲಿ ಮರಳಿನ ಮೇಲೆಯೇ ಕಾಣಸಿಗುವ ಬಾಣದ ಮೊನೆಗಳಲ್ಲಿ ಬಹಳಷ್ಟು ಆ ಹಸಿರು ಕಾಲದವು. ಗಾಳಿ ಮರಳನ್ನು ಒಯ್ದಾಗ ಕಲ್ಲು ಉಳಿಯುತ್ತದೆ.

ಹೊರಗಿನಿಂದ ಬಂದವರು ಇಲ್ಲಿಯ ಇತಿಹಾಸಕ್ಕೆ ಉಪಕಾರ ಮಾಡಿದ್ದೂ ಉಂಟು. ಗ್ರೇಸ್ ಬರ್ಕ್‌ಹೋಲ್ಡರ್ ಸೌದಿಯ ಧಹ್ರಾನಿನಲ್ಲಿ ಅರಾಮ್ಕೊ ಶಾಲೆಯ ಶಿಕ್ಷಕಿಯಾಗಿದ್ದರು. ರಜೆಯ ದಿನಗಳಲ್ಲಿ ಮರಳಿನಲ್ಲಿ ಓಡಾಡುವಾಗ ಚಿತ್ರ ಬರೆದ ಮಡಕೆಯ ಚೂರುಗಳನ್ನು ಕಂಡರು. ಅವು ದಕ್ಷಿಣ ಇರಾಕಿನ ಉಬೈದ್ ಕಾಲದ ಮಡಕೆಗಳು. ಎಲ್ಲೆಲ್ಲಿ ಕಂಡವು ಎಂಬುದನ್ನು ಸೇರಿಸಿ ಅವರು 1972ರಲ್ಲಿ ಪುರಾತತ್ವ ಪತ್ರಿಕೆಯೊಂದರಲ್ಲಿ ಬರೆದರು. ಆರೇಳು ಸಾವಿರ ವರ್ಷದ ಹಿಂದೆಯೇ ಇರಾಕಿಗೂ ಈ ಕರಾವಳಿಗೂ ಹೋಗಿಬರುವ ಸಂಬಂಧವಿತ್ತೆಂದು ತಿಳಿಯಲು ಅದೊಂದು ದಾರಿಯಾಯಿತು. ಅಲ್ಲೂ ಚೂರಿಗೆ ಬೆಲೆ ಬಂದದ್ದು ಜಾಗ ಗೊತ್ತಿದ್ದುದರಿಂದ.

ಅದು ಆ ಕಾಲ. ಇಂದು ಕೊಲ್ಲಿಯ ದೇಶಗಳಲ್ಲಿ ಹಳೆಯ ವಸ್ತುಗಳು ಸರ್ಕಾರದ ಸೊತ್ತು. ಎಮಿರೇಟ್ಸಿನಲ್ಲಿ 2017ರ ಪುರಾತನ ವಸ್ತುಗಳ ಒಕ್ಕೂಟ ಕಾನೂನು ಜಾರಿಯಲ್ಲಿದೆ. ಎತ್ತಿಕೊಳ್ಳುವುದು, ಮಾರುವುದು, ಊರಿಗೆ ಹೋಗುವಾಗ ಸೂಟ್‌ಕೇಸಿಗೆ ಹಾಕುವುದು ಅಪರಾಧವಾಗಬಹುದು. ಮಗುವಿನ ಆಟವೆಂದು ನಾವಂದುಕೊಂಡದ್ದು ವೀಸಾಕ್ಕೇ ಸಂಚಕಾರ ತರಬಹುದಿತ್ತು. ಕಾಯಂ ಊರಿನವರಿಗಿಂತ ನಮ್ಮಂಥವರು ಇದನ್ನು ಮೊದಲು ತಿಳಿದಿರಬೇಕು.

ಅವ್ವನ ಹೊಲದ ಬದು

ಇದೆಲ್ಲವನ್ನೂ ಒಂದು ಸಂಜೆ ಊರಿಗೆ ಫೋನು ಮಾಡಿ ಅವ್ವನಿಗೆ ಹೇಳಿದೆವು. ನಮ್ಮೂರು ಯಾದಗಿರಿ ಜಿಲ್ಲೆಯ ಹುಣಸಗಿ ಕಡೆ. ಅವ್ವ ಕೇಳಿ ನಕ್ಕಳು. ‘ಅಂಥಾ ಕಲ್ಲಾ? ನಮ್ಮ ಹೊಲದಾಗ ಬೇಕಾದಷ್ಟು ಅದಾವಲ್ಲೋ. ಬಿತ್ತೋ ಮುಂದ ಕೂರಿಗಿಗೆ ಬಡೀತಾವಂತ ನಿಮ್ಮಪ್ಪ ಆರಿಸಿ ಬದುವಿಗೆ ಒಗೀತಿದ್ದ. ನೀನೂ ಒಗದೀಯಲ್ಲ!’

ನಿಜ. ನಾವೂ ಒಗೆದಿದ್ದೇವೆ. ಅಂಗೈಯಗಲದ, ಒಂದು ಕಡೆ ದುಂಡು, ಇನ್ನೊಂದು ಕಡೆ ಚೂಪಾದ ಬೂದು ಕಲ್ಲು. ಹುಣಸೆಹಣ್ಣು ಜಜ್ಜಲು, ಮೇಕೆ ಗೂಟ ಬಡಿಯಲು ಬಳಸಿದ್ದೇವೆ.

ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು ಹಲವು ದಶಕ ಹುಣಸಗಿ ಮತ್ತು ಬೈಚಬಾಳ ಕಣಿವೆಗಳನ್ನು ಸುತ್ತಿ ನೂರಕ್ಕೂ ಹೆಚ್ಚು ಹಳೆಯ ಶಿಲಾಯುಗದ ನೆಲೆ ಗುರುತಿಸಿದರು. 1997ರಿಂದ 2001ರವರೆಗೆ ಇಸಾಂಪುರದಲ್ಲಿ ಅಗೆದರು. ಅಲ್ಲಿ ಸಿಕ್ಕಿದ್ದು ಒಂದು ಕೆಲಸದ ಜಾಗ. ಸುಣ್ಣಕಲ್ಲಿನ ಬಂಡೆ ಅಲ್ಲೇ ಎಬ್ಬಿಸಿ, ಅಲ್ಲೇ ಒಡೆದು, ಅಲ್ಲೇ ಕೈಕೊಡಲಿ ಮಾಡಿದ್ದರು. ಬಡಿದ ಕಲ್ಲು, ಎದ್ದ ಚಕ್ಕೆ, ಅರ್ಧಕ್ಕೆ ಕೈಬಿಟ್ಟದ್ದು, ಪೂರ್ತಿ ಮುಗಿಸಿದ್ದು ಎಲ್ಲವೂ ಬಿದ್ದಲ್ಲೇ ಇದ್ದವು. ಜೊತೆಗೆ ಸಿಕ್ಕ ಪ್ರಾಣಿಗಳ ಹಲ್ಲುಗಳನ್ನು ಪರೀಕ್ಷಿಸಿದಾಗ ಬಂದ ಲೆಕ್ಕ ಸುಮಾರು 12 ಲಕ್ಷ ವರ್ಷ. ನಮ್ಮಂಥ ಮನುಷ್ಯರು ಭೂಮಿಗೆ ಬರುವ ಮುಂಚಿನ ಕಸುಬುದಾರರು ಅವರು. ಅವರು ಕೂತು ಕೆಲಸ ಮಾಡಿದ್ದು ತಿಳಿದದ್ದು ಯಾರೂ ಕಲ್ಲುಗಳನ್ನು ಆರಿಸಿ ಬದುವಿಗೆ ಹಾಕಿರಲಿಲ್ಲವಾದ್ದರಿಂದ.

ಇದಕ್ಕೂ ಬಹಳ ಮೊದಲು, 1863ರಲ್ಲಿ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮದ್ರಾಸಿನ ಪಲ್ಲಾವರದಲ್ಲಿ ಕೈಕೊಡಲಿ ಗುರುತಿಸಿದ್ದರು. ಬಳ್ಳಾರಿಯ ಗುಡ್ಡಗಳಲ್ಲೂ ಅವರು ಬಹಳ ತಿರುಗಿದರು. ಸಿಕ್ಕ ವಸ್ತುಗಳನ್ನು ಊರೂರಿನ ಹೆಸರು ಹಾಕಿ ಪಟ್ಟಿ ಮಾಡಿದರು. ಆ ಸಂಗ್ರಹ ಮದ್ರಾಸ್ ಮ್ಯೂಸಿಯಮ್ಮಿನಲ್ಲಿ ಇಂದಿಗೂ ಉಪಯೋಗಕ್ಕೆ ಬರುವುದು ಆ ಪಟ್ಟಿಯಿಂದಾಗಿ. ಬಳ್ಳಾರಿಯ ವಸ್ತುಸಂಗ್ರಹಾಲಯಕ್ಕೆ ಈಗ ಅವರದೇ ಹೆಸರಿದೆ.

ನಾರಾಯಣಪುರ ಕಾಲುವೆಯ ನೀರು ಬಂದ ಮೇಲೆ ನಮ್ಮ ಕಡೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಗೆ ನೆಲ ಸಮ ಆಗಬೇಕು. ಯಂತ್ರ ಬಂದು ದಿಣ್ಣೆ ಕಡಿದು ತಗ್ಗು ತುಂಬಿತು. ನೀರು ಬೇಡವೆನ್ನುವವರು ಯಾರು? ಅದೇ ನೀರಿಲ್ಲದ ವರ್ಷಗಳಲ್ಲೇ ಅಲ್ಲವೇ ನಾವು ಊರು ಬಿಟ್ಟದ್ದು? ಆದರೆ 12 ಲಕ್ಷ ವರ್ಷ ಬಿದ್ದಲ್ಲೇ ಇದ್ದದ್ದನ್ನು ಯಂತ್ರ ಒಂದು ಮಧ್ಯಾಹ್ನದಲ್ಲಿ ಕಲಸಬಲ್ಲದು. ಅಲ್ಲಿ ದುಡಿಯುವವನಿಗೆ ಅದು ಗೊತ್ತೇ ಇರುವುದಿಲ್ಲ, ನಮಗೆ ಗೊತ್ತಿರಲಿಲ್ಲವಲ್ಲ, ಹಾಗೆ.

ಕಂಡರೆ ಏನು ಮಾಡಬೇಕು?

ಮರಳುಗಾಡಿಗೆ ಹೋಗುವ ಸಂಘದ ಗೆಳೆಯರು ಈಗ ನಮ್ಮನ್ನು ಕೇಳುತ್ತಾರೆ. ನಾವು ತಿಳಿದುಕೊಂಡಿದ್ದಿಷ್ಟು. ಚೂಪಾದ ಕಲ್ಲೆಲ್ಲ ಬಾಣವಲ್ಲ. ಬಿಸಿಲಿಗೆ, ಚಳಿಗೆ, ಗಾಡಿಯ ಗಾಲಿಗೆ ಕಲ್ಲು ತಾನಾಗಿಯೂ ಒಡೆಯುತ್ತದೆ. ಮನುಷ್ಯ ಬಡಿದು ಎಬ್ಬಿಸಿದ ಚಕ್ಕೆಯ ಒಳಮೈಯಲ್ಲಿ ಪೆಟ್ಟು ಬಿದ್ದ ಕಡೆ ಸಣ್ಣ ಉಬ್ಬು ಇರುತ್ತದೆ. ಅಲ್ಲಿಂದ ಕೆರೆಗೆ ಕಲ್ಲೆಸೆದಾಗ ಏಳುವ ಅಲೆಯಂಥ ಗೆರೆಗಳು ಹೊರಡುತ್ತವೆ. ಬಾಣದ ಮೊನೆಯಾದರೆ ಅಂಚಿನುದ್ದಕ್ಕೂ ಒತ್ತಾಗಿ, ಸಾಲಾಗಿ ಚಕ್ಕೆ ತೆಗೆದಿರುತ್ತಾರೆ, ಹಲವು ಸಲ ಎರಡೂ ಮುಖದಲ್ಲಿ. ಹಿಂಬದಿಯಲ್ಲಿ ಕಡ್ಡಿಗೆ ಕಟ್ಟಲು ಸಣ್ಣ ಬಾಲ ಇರಬಹುದು.

ಅಂಥದ್ದು ಕಂಡರೆ ಮುಟ್ಟಬೇಡಿ. ಪಕ್ಕದಲ್ಲಿ ಒಂದು ದಿರ್ಹಮ್ ನಾಣ್ಯ ಇಟ್ಟು ಚಿತ್ರ ತೆಗೆಯಿರಿ, ಗಾತ್ರ ಗೊತ್ತಾಗುತ್ತದೆ. ಇನ್ನೊಂದು ಚಿತ್ರ ದೂರದಿಂದ, ಸುತ್ತಲಿನ ಗುಡ್ಡ ಕಾಣುವ ಹಾಗೆ. ಫೋನಿನಲ್ಲಿ ಆ ಜಾಗದ ಲೊಕೇಶನ್ ಉಳಿಸಿಕೊಳ್ಳಿ. ನಾಣ್ಯ ವಾಪಸು ಜೇಬಿಗೆ, ಕಲ್ಲು ಇದ್ದಲ್ಲೇ. ಆಮೇಲೆ ಹತ್ತಿರದ ವಸ್ತುಸಂಗ್ರಹಾಲಯಕ್ಕೋ ಪುರಾತತ್ವ ಇಲಾಖೆಗೋ ತಿಳಿಸಿ. ಊರಿನ ಹೊಲದಲ್ಲೂ ಇದೇ ಕ್ರಮ. ಮಕ್ಕಳಿಗೆ ಇದೂ ಬೇಟೆಯೇ. ಹುಡುಕುವ ಖುಷಿ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ನಮ್ಮ ಕಲ್ಲಿನ ಕಥೆ ಹೇಳಿ ಮುಗಿಸುತ್ತೇವೆ. ಕಳೆದ ಚಳಿಗಾಲದಲ್ಲಿ ಅದನ್ನು ಹತ್ತಿಯಲ್ಲಿ ಸುತ್ತಿಕೊಂಡು ಮತ್ತೆ ಮಲೀಹಾ ಕಡೆ ಹೋದೆವು. ಹಳೆಯ ಚಿತ್ರಗಳನ್ನು ಹಿಡಿದು ಊಟಕ್ಕೆ ಕೂತ ಜಾಗ ಹುಡುಕಿದೆವು. ಮರಳು ಸರಿದಿತ್ತು, ಸಿಗಲಿಲ್ಲ. ಕೊನೆಗೆ ಒಂದು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿ, ನಡೆದದ್ದನ್ನು ಹೇಳಿದೆವು. ಅಲ್ಲಿದ್ದವರು ಮರ್ಯಾದೆಯಿಂದಲೇ ತೆಗೆದುಕೊಂಡರು. ಬಾಣದ ಮೊನೆಯೇ ಎಂದರು. ಒಂದು ಚೀಟಿ ಕೊಟ್ಟು, ಸಿಕ್ಕ ಜಾಗ ಬರೆಯಲು ಹೇಳಿದರು. ಮಗ ಪೆನ್ನು ಹಿಡಿದು ಬಹಳ ಹೊತ್ತು ಕೂತ. ಮಲೀಹಾ ಹತ್ತಿರ ಎಂದಷ್ಟೇ ಬರೆದು, ಮುಂದಿನ ಮೂರು ಸಾಲು ಖಾಲಿ ಬಿಟ್ಟು ಸಹಿ ಹಾಕಿದ.

ಮೊನ್ನೆ ಅವ್ವ ಪಕ್ಕದ ಮನೆ ಹುಡುಗನ ಫೋನಿನಿಂದ ಒಂದು ಚಿತ್ರ ಕಳಿಸಿದ್ದಾಳೆ. ಹೊಲದ ದಿಣ್ಣೆಯ ಮೇಲೆ ಬೂದು ಬಣ್ಣದ ಕೈಕೊಡಲಿ, ಪಕ್ಕದಲ್ಲಿ ಐದು ರೂಪಾಯಿ ನಾಣ್ಯ, ಅಂಚಿನಲ್ಲಿ ಅವಳ ಸೀರೆಯ ಸೆರಗು. ಕೆಳಗೆ ಆ ಹುಡುಗ ಲೊಕೇಶನ್ ಕೂಡ ಹಾಕಿದ್ದಾನೆ. ಜೊತೆಗೆ ಅವ್ವನ ದನಿಯ ಸಂದೇಶ: ‘ಟ್ರ್ಯಾಕ್ಟರ್ ಹೊಡಿಯೋನಿಗೆ ಹೇಳೀನಿ, ಈ ದಿಣ್ಣಿ ಮುಟ್ಟಬ್ಯಾಡ ಅಂತ. ಯಾರರೆ ಬಂದು ನೋಡಿಕೊಂಡು ಹೋಗಲಿ. ಲಗೂನ ಕಳಸು, ಬಿತ್ತಿಗಿ ಬಂತು.’